ಬಿಸಿಗಲ್ಲಿನ ಊಟ

ಅಕ್ಟೋಬರ್ ತಿಂಗಳ ಮೊದಲ ವಾರದ ಒಂದು ಸಂಜೆ. ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೋ ನಗರದಲ್ಲಿ, ಪೂರ್ವದ ಬೆಟ್ಟಗಳ ಸೆರಗಿಗೆ ಅಂಟಿಕೊಂಡಂತೆ ಮರದ ಹೆಬ್ಬಾಗಿಲಿನ ಮನೆಯೊಂದಿದೆ. ಕಣ್ಣು ಕೋರೈಸುವ ಫಲಕವಿಲ್ಲ, ದೀಪಾಲಂಕಾರವಿಲ್ಲ. ಒಳಗೆ ಹೋಗುವ ಕಲ್ಲುಹಾದಿಗೆ ಮಾತ್ರ ಈಗತಾನೆ ನೀರು ಚಿಮುಕಿಸಿದ್ದಾರೆ. ಕಲ್ಲು ಒದ್ದೆಯಾಗಿದ್ದರೆ ಮನೆ ಅತಿಥಿಯ ದಾರಿ ನೋಡುತ್ತಿದೆಯೆಂದು ಅಲ್ಲಿಯವರು ತಿಳಿಯುತ್ತಾರೆ. ಮುಂಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ನಾಡಿನಿಂದ ಹೋದವರಿಗೆ ಈ ಭಾಷೆ ಅರ್ಥವಾಗಲು ದುಭಾಷಿ ಬೇಕಾಗುವುದಿಲ್ಲ.

ಇಂಥ ಭೋಜನಶಾಲೆಗೆ 'ರ್ಯೋತೇಯಿ' ಎಂದು ಹೆಸರು. ಅತಿಥಿಯು ಪಾದರಕ್ಷೆಗಳನ್ನು ಕಳಚಿ, ಹುಲ್ಲುಚಾಪೆ ಹಾಸಿದ ಕೋಣೆಯಲ್ಲಿ ನೆಲದ ಮೇಲೆಯೇ ಕುಳಿತುಕೊಳ್ಳುತ್ತಾನೆ. ಗೋಡೆಯ ಗೂಡಿನಲ್ಲಿ ಒಂದು ಬರಹದ ಪಟ, ಅದರ ಕೆಳಗೆ ಒಂದೇ ಒಂದು ಹೂವು. ತಿಂಡಿಯ ಪಟ್ಟಿಯನ್ನು ತಂದು ಏನು ಬೇಕೆಂದು ಕೇಳುವ ಪದ್ಧತಿ ಇಲ್ಲಿಲ್ಲ. ಏನು ಉಣ್ಣಬೇಕೆಂಬುದನ್ನು ಆ ವಾರದ ಕಾಡು, ಹೊಲ, ಕಡಲುಗಳು ಆಗಲೇ ನಿರ್ಧರಿಸಿಬಿಟ್ಟಿವೆ. ಅಡಿಗೆಯವನು ಅವುಗಳ ಮಾತನ್ನು ನಡೆಸಿಕೊಡುವವನು ಅಷ್ಟೆ.

ಒಂದೆರಡು ಪುಟ್ಟ ತಿನಿಸುಗಳಾದ ಮೇಲೆ ಅತಿಥಿಯ ಮುಂದೆ ಮಣ್ಣಿನ ಚಹಾಕುಡಿಕೆಯೊಂದು ಬರುತ್ತದೆ. ಅದರ ಮುಚ್ಚಳದ ಮೇಲೆ ಬೋರಲು ಹಾಕಿದ ಬಟ್ಟಲು, ಬಟ್ಟಲ ಮೇಲೆ ಅರ್ಧ ಕೊಯ್ದ ಹಸಿರು ನಿಂಬೆಯಂಥ ಹಣ್ಣು. ಕುಡಿಕೆಯೊಳಗೆ ಇರುವುದು ಚಹವಲ್ಲ, ತಿಳಿಸಾರು. ಅದರಲ್ಲಿ ಎರಡು ಮುಖ್ಯ ಪದಾರ್ಥಗಳು ಒಟ್ಟಿಗೆ ಬೆಂದಿವೆ: ಒಂದು 'ಹಾಮೋ' ಎಂಬ ಹಾವುಮೀನು, ಇನ್ನೊಂದು 'ಮತ್ಸುತಾಕೆ' ಎಂಬ ಅಣಬೆ. ಹಾಮೋ ಬೇಸಗೆಯ ಮೀನು, ಅದರ ಕಾಲ ಈಗ ಮುಗಿಯುತ್ತಿದೆ. ಮತ್ಸುತಾಕೆ ಶರತ್ಕಾಲದ ಅಣಬೆ, ಅದು ಈಗತಾನೆ ಕಾಡಿನಲ್ಲಿ ತಲೆಯೆತ್ತಿದೆ. ಹೋಗುವ ಋತುವೂ ಬರುವ ಋತುವೂ ಕೆಲವೇ ದಿನಗಳ ಮಟ್ಟಿಗೆ ಒಂದೇ ಕುಡಿಕೆಯಲ್ಲಿ ಭೇಟಿಯಾಗುತ್ತವೆ. ಜಪಾನೀಯರು ಇಂಥ ಜೊತೆಯನ್ನು 'ಭೇಟಿಯ ವಸ್ತು' ಎಂದೇ ಕರೆಯುತ್ತಾರೆ. ಮೊದಲು ಸಾರನ್ನು ಬಟ್ಟಲಿಗೆ ಬಗ್ಗಿಸಿ ಬರಿದೆ ಕುಡಿಯಬೇಕು. ಆಮೇಲೆ ಹಣ್ಣು ಹಿಂಡಿ ಕುಡಿಯಬೇಕು. ಕೊನೆಗೆ ಮುಚ್ಚಳ ತೆಗೆದು ಒಳಗಿನದನ್ನು ತಿನ್ನಬೇಕು. 'ಕೈಸೇಕಿ' ಎಂದು ಲೋಕಪ್ರಸಿದ್ಧವಾಗಿರುವ ಭೋಜನಕ್ರಮದ ಮರ್ಮವನ್ನು ತಿಳಿಯಲು ಈ ಒಂದು ಕುಡಿಕೆಯೇ ಸಾಕು.

ಆ ಹೆಸರಿನ ಕಥೆಯೂ ಸೊಗಸಾಗಿದೆ. 'ಕೈ' ಎಂದರೆ ಉಡುಪಿನೊಳಗಿನ ಎದೆಯ ತಾಣ, 'ಸೇಕಿ' ಎಂದರೆ ಕಲ್ಲು. ಬುದ್ಧನ ಕಾಲದಿಂದಲೂ ಭಿಕ್ಷುಗಳಿಗೆ ಮಧ್ಯಾಹ್ನದ ನಂತರ ಊಟ ನಿಷಿದ್ಧವಷ್ಟೆ. ನಮ್ಮ ದೇಶದಲ್ಲಿ ಹುಟ್ಟಿದ ಈ ನಿಯಮ ಧರ್ಮದ ಜೊತೆಗೆ ಚೀನಕ್ಕೂ ಅಲ್ಲಿಂದ ಜಪಾನಿಗೂ ಹೋಯಿತು. ನಮ್ಮ 'ಧ್ಯಾನ' ಶಬ್ದ ಚೀನೀಯರ ಬಾಯಲ್ಲಿ 'ಚಾನ್' ಆಗಿ, ಜಪಾನೀಯರ ಬಾಯಲ್ಲಿ 'ಝೆನ್' ಆದದ್ದೂ ಇದೇ ದಾರಿಯಲ್ಲಿ. ಆದರೆ ಗಂಗೆಯ ಬಯಲಿಗೆ ಹೇಳಿದ ನಿಯಮ ಹಿಮ ಸುರಿಯುವ ಬೆಟ್ಟದ ಮಠಗಳಲ್ಲಿ ಪಾಲಿಸಲು ಕಷ್ಟ. ಹಸಿವು, ಚಳಿಗಳನ್ನು ತಡೆಯಲು ಝೆನ್ ಭಿಕ್ಷುಗಳು ಕಲ್ಲನ್ನು ಬಿಸಿಮಾಡಿ, ಬಟ್ಟೆಯಲ್ಲಿ ಸುತ್ತಿ, ಹೊಟ್ಟೆಗೆ ಅವಚಿಕೊಂಡು ಕೂರುತ್ತಿದ್ದರಂತೆ. ಬಿಸಿಗಲ್ಲಿನಷ್ಟು ಸಮಾಧಾನ ಕೊಟ್ಟರೆ ಸಾಕೆನ್ನುವ ಅಲ್ಪಾಹಾರವೇ ಕೈಸೇಕಿ.

ವಿದ್ವಾಂಸರು ಇಲ್ಲೊಂದು ತಕರಾರು ತೆಗೆಯುತ್ತಾರೆ. ಬಿಸಿಗಲ್ಲಿನ ಅರ್ಥ ಬರುವ ಈ ಅಕ್ಷರಗಳು ಹದಿನಾರನೆಯ ಶತಮಾನದ ಬರಹಗಳಲ್ಲಿ ದೊರೆಯುವುದಿಲ್ಲ. ಸುಮಾರು ನೂರು ವರ್ಷಗಳ ತರುವಾಯ ಕಾಣಿಸಿಕೊಳ್ಳುತ್ತವೆ. ಅದಕ್ಕೆ ಮುಂಚೆ ಇದ್ದದ್ದು ಇದೇ ಉಚ್ಚಾರದ ಬೇರೊಂದು ಪದ, ಅದಕ್ಕೆ 'ಕೂಟದ ಆಸನ' ಎಂದಷ್ಟೇ ಅರ್ಥ. ಇಂದಿಗೂ ಎರಡು ಕೈಸೇಕಿಗಳಿವೆ: ಚಹಾಕೂಟದ ಸರಳವಾದ ಊಟ ಒಂದು, ಭೋಜನಶಾಲೆಯ ಔತಣ ಇನ್ನೊಂದು. ಕಿವಿಗೆ ಎರಡೂ ಒಂದೇ, ಕಾಗದದ ಮೇಲೆ ಬೇರೆ ಬೇರೆ.

ಚಹಾಕೂಟದ ಊಟಕ್ಕೆ ಶಿಸ್ತು ತಂದವನೆಂದು ಪ್ರಸಿದ್ಧನಾದವನು ಸೆನ್ ನೋ ರಿಕ್ಯೂ. 1522ರಲ್ಲಿ ಸಕಾಯಿ ಬಂದರಿನ ವರ್ತಕರ ಮನೆತನದಲ್ಲಿ ಹುಟ್ಟಿದ ಈತ, ಜಪಾನನ್ನು ಒಂದುಗೂಡಿಸಿದ ಹಿದೆಯೋಶಿಯ ಆಸ್ಥಾನದಲ್ಲಿ ಚಹಾಗುರುವಾಗಿದ್ದ. ಆಗಿನ ಸಿರಿವಂತರ ಔತಣಗಳಲ್ಲಿ ಹರಿವಾಣಗಳ ಮೇಲೆ ಹರಿವಾಣಗಳನ್ನು ಅತಿಥಿಯ ಮುಂದೆ ಹೂಡುತ್ತಿದ್ದರು. ಅವುಗಳಲ್ಲಿ ಬಹುಪಾಲು ಆರಿ ತಣ್ಣಗಾದವು. ಕೆಲವು ನೋಡುವುದಕ್ಕಷ್ಟೇ ಇದ್ದವು. ರಿಕ್ಯೂ ಇದನ್ನು ಒಂದು ಸಾರು, ಮೂರು ಖಾದ್ಯಗಳಿಗೆ ಇಳಿಸಿದ. ಒಂದನ್ನು ಉಂಡು ಮುಗಿಸಿದ ಮೇಲೆ ಇನ್ನೊಂದು ಒಲೆಯಿಂದ ನೇರವಾಗಿ ಬರಬೇಕು, ಬಂದದ್ದನ್ನೆಲ್ಲ ಉಣ್ಣಬೇಕು. ಇಂದು ಹತ್ತು ಹನ್ನೆರಡು ಸರದಿಗಳ ವೈಭವವೆಂದು ಜಗತ್ತು ಬೆರಗಾಗುವ ಕ್ರಮದ ಮೂಲದಲ್ಲಿರುವುದು ಇಷ್ಟೇ: ಬಿಸಿಯಾದದ್ದನ್ನು ಬಿಸಿಯಾಗಿರುವಾಗಲೇ ಕೊಡುವ ಗೃಹಸ್ಥಧರ್ಮ. ಚಿನ್ನದ ತಗಡು ಹೊದಿಸಿದ ಚಹಾಕೋಣೆಯನ್ನು ಕಟ್ಟಿಸಿಕೊಂಡಿದ್ದ ಹಿದೆಯೋಶಿಗೂ, ಹುಲ್ಲುಮಾಡಿನ ಗುಡಿಸಿಲನ್ನು ಮೆಚ್ಚಿದ ಈ ಗುರುವಿಗೂ ಕೊನೆಗೆ ಹೊಂದಿಕೆಯಾಗಲಿಲ್ಲ. ಕಾರಣಗಳನ್ನು ಚರಿತ್ರಕಾರರು ಇನ್ನೂ ಚರ್ಚಿಸುತ್ತಿದ್ದಾರೆ. 1591ರಲ್ಲಿ ಒಡೆಯನ ಆಜ್ಞೆಯಂತೆ ರಿಕ್ಯೂ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ.

ಚಹಾಕೂಟದ ಊಟ ಮುಗಿಯುವ ರೀತಿಯೂ ಮನಸ್ಸಿನಲ್ಲಿ ನಿಲ್ಲುವಂಥದು. ಸೀದ ಅನ್ನ ಹಾಕಿದ ಬಿಸಿನೀರಿನಿಂದ ಅತಿಥಿಗಳು ತಮ್ಮ ಬಟ್ಟಲುಗಳನ್ನು ತಾವೇ ಗಲಬರಿಸಿ ಆ ನೀರನ್ನು ಕುಡಿಯುತ್ತಾರೆ. ಆಮೇಲೆ ಎಲ್ಲರೂ ಒಂದೇ ಕ್ಷಣಕ್ಕೆ ಊಟದ ಕಡ್ಡಿಗಳನ್ನು ಹರಿವಾಣದೊಳಕ್ಕೆ ಬೀಳಿಸುತ್ತಾರೆ. ಬಾಗಿಲಿನಾಚೆ ಕಾದಿರುವ ಯಜಮಾನನಿಗೆ ಆ ಸದ್ದೇ 'ತೃಪ್ತರಾದೆವು' ಎಂಬ ಸುದ್ದಿ.

ಇಲ್ಲಿ ಅನ್ನದ ಜಾಗವನ್ನು ಗಮನಿಸಬೇಕು. ಚಹಾಕೂಟದಲ್ಲಿ ಮೊದಲು ಬರುವುದೇ ಒಂದು ತುತ್ತು ಅನ್ನ, ಜೊತೆಗೆ ಸಾರು. ಭೋಜನಶಾಲೆಯ ಔತಣದಲ್ಲಿ ಅನ್ನ, ಉಪ್ಪಿನಕಾಯಿ, ಸಾರುಗಳು ಕಟ್ಟಕಡೆಗೆ ಬರುತ್ತವೆ. ಅಲ್ಲಿ ಊಟ ನಡೆಯುವುದು ಅಕ್ಕಿಯಿಂದ ಭಟ್ಟಿಮಾಡದೆ ಹುದುಗಿಸಿ ತಯಾರಿಸಿದ 'ಸಾಕೆ' ಎಂಬ ಮದ್ಯದೊಡನೆ. ಅಕ್ಕಿಯ ಮದ್ಯವೂ ಅಕ್ಕಿಯ ಅನ್ನವೂ ಒಟ್ಟಿಗೆ ಸಲ್ಲವೆಂದು ಅವರ ಅಭಿಪ್ರಾಯ. ಅನ್ನ ಬಂತೆಂದರೆ ಔತಣ ಮುಗಿಯಿತೆಂದು ತಿಳಿಯಬೇಕು. ಎಲೆ ಹಾಕಿದೊಡನೆ ಅನ್ನವನ್ನು ನಿರೀಕ್ಷಿಸುವ ದಕ್ಷಿಣದೇಶದವನು ಒಂಬತ್ತು ಸರದಿಗಳವರೆಗೆ ಅದರ ಮುಖ ಕಾಣದೆ ಚಡಪಡಿಸಿದರೆ ಆಶ್ಚರ್ಯವಿಲ್ಲ.

ಆದರೆ ಕೈಸೇಕಿಯ ಜೀವ ಅನ್ನದಲ್ಲೂ ಇಲ್ಲ, ಮೀನಿನಲ್ಲೂ ಇಲ್ಲ. ಅದು ನೋಡಲು ನೀರಿನಂತಿರುವ 'ದಾಶಿ' ಎಂಬ ತಿಳಿಸಾರಿನಲ್ಲಿದೆ. ಇದರ ಎರಡು ಮೂಲದ್ರವ್ಯಗಳಲ್ಲಿ ಒಂದು ಕೊಂಬು. ಅದು ಉತ್ತರದ ಹೊಕ್ಕೈದೋ ದ್ವೀಪದ ತಣ್ಣನೆಯ ಕಡಲಿನಲ್ಲಿ ಬೆಳೆಯುವ ಅಗಲ ಪಟ್ಟಿಯಂಥ ಪಾಚಿಸಸ್ಯ. ಇನ್ನೊಂದು ಕತ್ಸುಓಬುಶಿ, ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಬೂಷ್ಟು ಹಿಡಿಸಿ, ತಿಂಗಳುಗಟ್ಟಲೆ ಒಣಗಿಸಿದಾಗ ಅದು ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ. ಅದನ್ನು ಬಡಗಿಯ ಉಜ್ಜುಗೊರಡಿನಂಥ ಸಾಧನದ ಮೇಲೆ ತೆಳ್ಳಗೆ ಹೆರೆಯುತ್ತಾರೆ. ಕ್ಯೋಟೋದ ಹೆಸರಾಂತ ಅಡಿಗೆಮನೆಗಳಲ್ಲಿ ಕೊಂಬುವನ್ನು ಕುದಿಸುವುದಿಲ್ಲ. ಸುಮಾರು 60 ಡಿಗ್ರಿ ಶಾಖದ ನೀರಿನಲ್ಲಿ ಒಂದು ಗಂಟೆ ನೆನೆಸಿ ತೆಗೆಯುತ್ತಾರೆ. ಬಳಿಕ ನೀರನ್ನು ಇನ್ನಷ್ಟು ಕಾಯಿಸಿ, ಹೆರೆದ ಮೀನಿನ ಎಸಳುಗಳನ್ನು ಹಾಕಿ, ಕೆಲವೇ ಕ್ಷಣಗಳಲ್ಲಿ ಬಟ್ಟೆಯಲ್ಲಿ ಸೋಸುತ್ತಾರೆ. ಕ್ಯೋಟೋದ ನೀರು ಮೃದುವಾದುದರಿಂದ ಈ ಕೆಲಸಕ್ಕೆ ಅನುಕೂಲ.

ಈ ರುಚಿಯ ಬೆನ್ನುಹತ್ತಿ ಹೋದವನು ಕ್ಯೋಟೋದಲ್ಲೇ ಹುಟ್ಟಿದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಯೆ. ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕರಲ್ಲಿ ಯಾವುದಕ್ಕೂ ಸೇರದ ಈ ರುಚಿ ಯಾವುದೆಂದು ಹುಡುಕುತ್ತ, 1908ರಲ್ಲಿ ಆತ ಕೊಂಬುವಿನಿಂದ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿದ. ಹನ್ನೆರಡು ಕಿಲೋ ಒಣ ಕೊಂಬುವಿನಿಂದ ಸಿಕ್ಕಿದ್ದು ಸುಮಾರು 30 ಗ್ರಾಂ. ಈ ರುಚಿಗೆ ಅವನಿಟ್ಟ ಹೆಸರು 'ಉಮಾಮಿ'. ಮರುವರ್ಷವೇ ಅದರ ಲವಣ 'ಅಜಿನೊಮೊಟೊ' ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ನಮ್ಮೂರುಗಳ ಗೋಬಿ ಮಂಚೂರಿಯ ಗಾಡಿಗಳಲ್ಲಿ 'ಟೇಸ್ಟಿಂಗ್ ಪೌಡರ್' ಎಂದು ಚಿಟಿಕೆ ಚಿಟಿಕೆ ಉದುರಿಸುವ ಬಿಳಿಯ ಹರಳುಗಳು ಇವೇ. ಒಂದೇ ರುಚಿಯ ಎರಡು ಸಂತಾನಗಳಲ್ಲಿ ಒಂದು ಕ್ಯೋಟೋದ ಮೌನಮಂದಿರದಲ್ಲಿ ಕುಳಿತಿದೆ, ಇನ್ನೊಂದು ಬೀದಿಯ ಬಾಣಲೆಗೆ ಬಿದ್ದಿದೆ!

ಸರದಿಗಳ ಹೆಸರುಗಳನ್ನೆಲ್ಲ ಒಪ್ಪಿಸಿ ಓದುಗರನ್ನು ಬೇಸರಪಡಿಸುವುದು ಬೇಡ. ನಾಲಗೆಯನ್ನು ಎಚ್ಚರಿಸುವ ತಿನಿಸು, ತಿಳಿಸಾರು, ಹಸಿಮೀನಿನ ಹೋಳುಗಳು, ಸುಟ್ಟದ್ದು, ಬೇಯಿಸಿದ್ದು, ಹುಳಿಯದು, ಅನ್ನ, ಹಣ್ಣು ಎಂದು ಸ್ಥೂಲವಾಗಿ ಹೇಳಬಹುದು. 'ಹಸ್ಸುನ್' ಒಂದನ್ನು ಮಾತ್ರ ಬಿಡುವಂತಿಲ್ಲ. ಹಸ್ಸುನ್ ಎಂದರೆ ಎಂಟು ಅಂಗುಲ. ಸುಮಾರು 24 ಸೆಂಟಿಮೀಟರ್ ಚೌಕದ ಸೀಡರ್ ಮರದ ತಟ್ಟೆಗೂ ಅದೇ ಹೆಸರು. ಚಹಾಕೂಟದಲ್ಲಿ ಅದರ ಮೇಲೆ ಕಡಲಿನದೊಂದು, ಬೆಟ್ಟದ್ದೊಂದು, ಎರಡೇ ತಿನಿಸು. ಭೋಜನಶಾಲೆಗಳಲ್ಲಿ ಅದು ಋತುವಿನ ಚಿತ್ರವಾಗಿ ಅರಳಿದೆ: ಶರತ್ಕಾಲದಲ್ಲಿ ಕೆಂಪಡರಿದ ಮೇಪಲ್ ಎಲೆ, ಪೈನ್ ಸೂಜಿಗೆ ಪೋಣಿಸಿದ ಗಿಂಕೋ ಬೀಜ, ಸಿಪ್ಪೆಯೊಡನೆ ಹುರಿದ ಚೆಸ್ಟ್‌ನಟ್. ವಸಂತದಲ್ಲಿ ಇದೇ ತಟ್ಟೆಯ ಮೇಲೆ ಕಳಲೆ ಬರುತ್ತದೆ. ಒಂದೊಂದು ಪದಾರ್ಥಕ್ಕೂ ಮೂರು ಅವಸ್ಥೆಗಳಿವೆಯೆಂದು ಅಡಿಗೆಯವರ ಲೆಕ್ಕ: ಮೊದಲ ಫಸಲಿನ 'ಹಾಶಿರಿ', ತುಂಬುಕಾಲದ 'ಶುನ್', ಬೀಳ್ಕೊಡುಗೆಯ 'ನಗೋರಿ'. ಮಾವಿನಕಾಯಿಯ ಮಿಡಿ, ತುಂಬು ಹಣ್ಣು, ಮಳೆ ಬಿದ್ದ ಮೇಲಿನ ಕಡೆಯ ಬುಟ್ಟಿ ಎಂದು ಬೇರೆಬೇರೆಯಾಗಿ ಕಾಯುವ ಮನೆಯವರಿಗೆ ಇದು ಹೊಸ ಮಾತೇನೂ ಅಲ್ಲ. ಆದರೆ ಮುಗಿಯುತ್ತಿರುವ ಪದಾರ್ಥದ ಆ ಕೊನೆಯ ಮಂಕುರುಚಿಗೂ ಒಂದು ಹೆಸರಿಟ್ಟು, ಅದನ್ನು ಗೌರವದಿಂದ ಬಡಿಸುವುದು ಜಪಾನೀಯರ ವಿಶೇಷವೆನ್ನಬೇಕು.

ಪಾತ್ರೆಗಳೂ ಋತುವಿನೊಡನೆ ಬದಲಾಗುತ್ತವೆ. ಬೇಸಗೆಗೆ ಗಾಜು, ಚಳಿಗೆ ದಪ್ಪ ಮಣ್ಣು, ಸಾರಿಗೆ ಮೆರುಗೆಣ್ಣೆಯ ಮರದ ಬಟ್ಟಲು. ಪಾತ್ರೆಯೆಂಬುದು ಅಡಿಗೆ ಉಡುವ ಕಿಮೋನೊ ಎಂದು ನಂಬಿದ್ದವನು ಕಿತಾಓಜಿ ರೋಸಾಂಜಿನ್. 1883ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ಈತ 1925ರಲ್ಲಿ ಟೋಕಿಯೋದಲ್ಲಿ ಗಣ್ಯರಿಗಾಗಿ ಭೋಜನಶಾಲೆ ತೆರೆದ. ಅಂಗಡಿಯ ಪಾತ್ರೆಗಳು ತನ್ನ ಅಡಿಗೆಗೆ ಒಪ್ಪುವುದಿಲ್ಲವೆಂದು ತಾನೇ ಕುಂಬಾರನಾದ. ಮಹಾ ಮುಂಗೋಪಿ. 1954ರಲ್ಲಿ ಪ್ಯಾರಿಸಿನ ಜಗದ್ವಿಖ್ಯಾತ 'ತೂರ್ ದಾರ್ಜಾನ್' ಭೋಜನಗೃಹಕ್ಕೆ ಹೋದಾಗ ಅವರ ಬಾತುಕೋಳಿಯನ್ನು ಅವರ ಗೊಜ್ಜಿನೊಡನೆ ತಿನ್ನಲು ಒಪ್ಪದೆ, ಜೊತೆಯಲ್ಲಿ ಒಯ್ದಿದ್ದ ಸೋಯಾ ರಸವನ್ನೂ ವಸಾಬಿಯನ್ನೂ ಹಚ್ಚಿಕೊಂಡು ತಿಂದನಂತೆ. ಮಾರನೆಯ ವರ್ಷ ಸರ್ಕಾರ ಕೊಡಬಂದ 'ಜೀವಂತ ರಾಷ್ಟ್ರನಿಧಿ' ಎಂಬ ಮನ್ನಣೆಯನ್ನೂ ಬೇಡವೆಂದ. 1959ರಲ್ಲಿ ತೀರಿಕೊಂಡ ಆತನ ತಟ್ಟೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ.

ಇನ್ನು ಕುಡಿಕೆಯೊಳಗಿನ ಹಾವುಮೀನಿನ ಕಡೆಗೆ ಬರೋಣ. ಕ್ಯೋಟೋ ಕಡಲತೀರದ ಊರಲ್ಲ. ಮಂಜುಗಡ್ಡೆಯೂ ರೈಲೂ ಇಲ್ಲದ ಕಾಲದಲ್ಲಿ, ಬೇಸಗೆಯ ಸೆಖೆಯಲ್ಲಿ, ಜೀವಂತವಾಗಿ ಊರು ತಲಪುತ್ತಿದ್ದ ಕಡಲ ಮೀನೆಂದರೆ ಗಟ್ಟಿಜೀವದ ಹಾಮೋ. ಹೀಗೆ ಅನಿವಾರ್ಯವೇ ಅಭಿರುಚಿಯಾಯಿತು. ಜುಲೈ ತಿಂಗಳ ಗಿಯೋನ್ ಉತ್ಸವಕ್ಕೆ ಹಾಮೋ ಇಲ್ಲದಿದ್ದರೆ ಕಳೆಯಿಲ್ಲ. ಈ ಮೀನಿನ ಮೈತುಂಬ ಕೂದಲೆಳೆಯಂಥ ಮುಳ್ಳುಗಳು, ಕಿತ್ತು ತೆಗೆಯಲು ಬಾರವು. ಅದಕ್ಕೆ ಅಡಿಗೆಯವರು ಕಂಡುಕೊಂಡ ಉಪಾಯ, ಕೆಳಗಿನ ಚರ್ಮ ತುಂಡಾಗದಂತೆ ಮುಳ್ಳುಗಳನ್ನು ಮಾತ್ರ ಕತ್ತರಿಸುವುದು. ಮೂರು ಸೆಂಟಿಮೀಟರ್ ಉದ್ದದಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದು ಕೊಯ್ತ ಬೀಳಬೇಕು. ಬಿಸಿನೀರಿಗೆ ಬಿದ್ದೊಡನೆ ಅದು ಬಿಳಿಯ ಹೂವಿನಂತೆ ಅರಳುತ್ತದೆ. ಈ ಕೈ ಕುದುರಲು ವರ್ಷಗಟ್ಟಲೆ ಸಾಧನೆ ಬೇಕು.

ಇಷ್ಟನ್ನು ಓದಿದ ಸಸ್ಯಾಹಾರಿಗಳು ಪುಟ ತಿರುವಬೇಕಾಗಿಲ್ಲ. 675ರಲ್ಲೇ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ್ದ. ಜಪಾನಿನ ಅಡಿಗೆ ನೂರಾರು ವರ್ಷ ತರಕಾರಿ, ಸೋಯಾ, ಮೀನುಗಳ ಸುತ್ತಲೇ ಬೆಳೆಯಿತು. ಆದರೆ ಕೈಸೇಕಿಯಲ್ಲಿ ಬರಿಯ ಗೆಡ್ಡೆ ಬೇಯಿಸಿದ್ದಕ್ಕೂ ಮೀನಿನ ದಾಶಿಯೇ ಆಧಾರವಾದುದರಿಂದ 'ತರಕಾರಿ ಮಾತ್ರ' ಎಂದು ಹೇಳಿ ನಿಶ್ಚಿಂತರಾಗುವಂತಿಲ್ಲ. ಅಂಥವರಿಗೆ ಝೆನ್ ಮಠಗಳ 'ಶೋಜಿನ್' ಅಡಿಗೆಯಿದೆ. ಅದರಲ್ಲಿ ಸಾರು ಕೊಂಬು ಮತ್ತು ಒಣ ಅಣಬೆಗಳದು. ನಮ್ಮ ಮಡಿಯಡಿಗೆಯಂತೆ ಈರುಳ್ಳಿ, ಬೆಳ್ಳುಳ್ಳಿಗಳಿಗೂ ಪ್ರವೇಶವಿಲ್ಲ. ಕ್ಯೋಟೋದ ತೆನ್‌ರ್ಯೂಜಿ ದೇವಾಲಯದ ಆವರಣದಲ್ಲಿರುವ 'ಶಿಗೆತ್ಸು' ಇದಕ್ಕೆ ಹೆಸರಾದ ಸ್ಥಳ.

ಹಳೆಯ ಮನೆಗಳ ಪೈಕಿ ನಾನ್‌ಜೆಂಜಿ ದೇವಾಲಯದ ಬಳಿಯ 'ಹ್ಯೋತೇಯಿ' ಯಾತ್ರಿಕರು ದಣಿವಾರಿಸಿಕೊಳ್ಳುವ ಚಹಾದಂಗಡಿಯಾಗಿ ನಾಲ್ಕು ಶತಮಾನಗಳ ಹಿಂದೆ ಹುಟ್ಟಿ, 1837ರಲ್ಲಿ ಭೋಜನಶಾಲೆಯಾಯಿತು. ಅಲ್ಲಿಯ ಬೇಸಗೆಯ ಬೆಳಗಿನ ಗಂಜಿ ಬಹು ಪ್ರಸಿದ್ಧ. ಮೇಯ್ಜಿ ಯುಗದ ಆರಂಭದಲ್ಲಿ ಗಿಯೋನ್ ಬೀದಿಯಲ್ಲಿ ರಾತ್ರಿಯೆಲ್ಲ ಹಾಡು ಕುಣಿತಗಳಲ್ಲಿ ಕಳೆದ ರಸಿಕರು ಬೆಳಗಿನ ಜಾವ ಬಂದು ಬಾಗಿಲು ತಟ್ಟಿ, ಮಲಗಿದ್ದ ಯಜಮಾನನನ್ನೆಬ್ಬಿಸಿ, ಹೊಟ್ಟೆಗೆ ಏನಾದರೂ ಹಾಕೆಂದು ಪೀಡಿಸಿದರಂತೆ. ಆತ ಗಂಜಿ ಕಾಯಿಸಿ ಕೊಟ್ಟ. ಕುಡಿದವರಿಗೆ ಅಮೃತವಾಯಿತು. ಪುಂಡರ ಹಸಿವಿನಿಂದ ಹುಟ್ಟಿದ ಗಂಜಿಯನ್ನು ಕುಡಿಯಲು ಈಗ ಸಭ್ಯಗೃಹಸ್ಥರು ಮುಂಗಡವಾಗಿ ಜಾಗ ಕಾದಿರಿಸುತ್ತಾರೆ.

ಬಡಭಿಕ್ಷುವಿನ ಬಿಸಿಗಲ್ಲು ಇಂದು ಎಷ್ಟು ದುಬಾರಿಯಾಗಿದೆಯೆಂದರೆ, ಒಬ್ಬರ ರಾತ್ರಿಯೂಟಕ್ಕೆ 30,000 ಯೆನ್‌ಗೂ ಮಿಗಿಲು ಎಣಿಸಬೇಕಾದ ಮನೆಗಳು ಕ್ಯೋಟೋದಲ್ಲಿ ಹಲವಿವೆ. ಪರಿಚಿತರ ಮುಖೇನ ಬಾರದ ಹೊಸಬರನ್ನು ಸೇರಿಸದ ಮನೆಗಳೂ ಉಂಟು. ಯುನೆಸ್ಕೋದ ಪರಂಪರೆಯ ಪಟ್ಟಿಗೆ ಮೊದಲು ಕೈಸೇಕಿಯನ್ನೇ ಮುಂದಿಟ್ಟು ಅರ್ಜಿ ಹಾಕಬೇಕೆಂದು ಜಪಾನಿನಲ್ಲಿ ಆಲೋಚನೆ ನಡೆದಿತ್ತು. ಕೊರಿಯದವರ ಅರಮನೆಯ ಅಡಿಗೆಗೆ ಮನ್ನಣೆ ದೊರೆಯದಿದ್ದುದನ್ನು ಕಂಡು ಆ ಯೋಚನೆ ಬದಲಾಯಿತು. 2013ರಲ್ಲಿ ಪಟ್ಟಿಗೆ ಸೇರಿದ್ದು 'ವಾಶೋಕು', ಅಂದರೆ ಮನೆಮನೆಯ ಊಟದ ಪದ್ಧತಿ. ಆದದ್ದು ಸರಿಯೇ. ಕೈಸೇಕಿಯನ್ನು ಸಾಕಿದ್ದು ಧನಿಕರ ಹಣವಾದರೂ, ಅದಕ್ಕೆ ಸಾಮಗ್ರಿ ಒದಗಿಸಿದ್ದು ಬಡವರ ದುಡಿಮೆ.

ಮತ್ಸುತಾಕೆಯ ಕಥೆಯೇ ಇದಕ್ಕೆ ಸಾಕ್ಷಿ. ಈ ಅಣಬೆ ಜಪಾನಿನಲ್ಲಿ ಮುಖ್ಯವಾಗಿ ಕೆಂಪು ಪೈನ್ ಮರದ ಬೇರುಗಳ ಸಖ್ಯದಲ್ಲಿ ಏಳುತ್ತದೆ. ತೋಟದಲ್ಲಿ ಬೆಳೆಯಲು ಎಷ್ಟು ಪ್ರಯತ್ನಿಸಿದರೂ ವ್ಯಾಪಾರಕ್ಕಾಗುವಷ್ಟು ಯಾರಿಗೂ ಒಲಿದಿಲ್ಲ. ಅದಕ್ಕೆ ಬೇಕಾದುದು ಸಾರವಿಲ್ಲದ ಬಡನೆಲ. ಹಳ್ಳಿಗರು ತಲೆಮಾರುಗಳಿಂದ ಸೌದೆಗಾಗಿ ಪೊದೆಗಳನ್ನು ಕಡಿಯುತ್ತ, ಗೊಬ್ಬರಕ್ಕಾಗಿ ತರಗೆಲೆಯನ್ನು ಗುಡಿಸಿ ಒಯ್ಯುತ್ತ ಬೆಟ್ಟದ ನೆಲವನ್ನು ತಮಗರಿವಿಲ್ಲದೆಯೇ ಬರಡಾಗಿ ಇಟ್ಟಿದ್ದರು. ಅಣಬೆ ಹೇರಳವಾಗಿ ಏಳುತ್ತಿತ್ತು. 1941ರಲ್ಲಿ ಜಪಾನಿನ ಕಾಡುಗಳಿಂದ ಸುಮಾರು 12,000 ಟನ್ ಮತ್ಸುತಾಕೆ ಬಂತು. ಯುದ್ಧಾನಂತರ ಹಳ್ಳಿಮನೆಗಳಿಗೆ ಅನಿಲದ ಒಲೆ ಬಂತು, ಹೊಲಕ್ಕೆ ರಾಸಾಯನಿಕ ಗೊಬ್ಬರ ಬಂತು, ಯುವಕರು ಪಟ್ಟಣ ಸೇರಿದರು. ಬೆಟ್ಟಕ್ಕೆ ಹೋಗುವವರೇ ಇಲ್ಲವಾದರು. ತರಗೆಲೆ ಕೊಳೆತು ನೆಲ ಫಲವತ್ತಾಯಿತು, ಅಣಬೆ ಮಾಯವಾಯಿತು. ಅಮೆರಿಕ ಖಂಡದಿಂದ ಬಂದ ಸೂಕ್ಷ್ಮ ಹುಳುವೊಂದು ಪೈನ್ ಮರಗಳನ್ನೂ ಒಣಗಿಸತೊಡಗಿತು. ಇತ್ತೀಚಿನ ವರ್ಷಗಳಲ್ಲಿ ದೇಶದ ಒಟ್ಟು ಫಸಲು ನೂರು ಟನ್ನನ್ನೂ ಮುಟ್ಟದೆ ಹೋದದ್ದುಂಟು. 2020ರಲ್ಲಿ ಮತ್ಸುತಾಕೆಯ ಹೆಸರು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿತು. ಈಗ ಚೀನದಿಂದ, ಕೊರಿಯದಿಂದ, ನಮ್ಮ ನೆರೆಯ ಭೂತಾನದಿಂದ ವಿಮಾನದಲ್ಲಿ ಬರುವ ಅಣಬೆಗಳೂ ಜಪಾನಿನ ಪೇಟೆಯನ್ನು ತುಂಬುತ್ತವೆ. ಭೂತಾನದ ಅಣಬೆ ಶರತ್ತಿಗಿಂತ ಮುಂಚೆ, ಅಲ್ಲಿಯ ಮಳೆಗಾಲದಲ್ಲೇ ಬರುತ್ತದೆ.

ಋತುವೂ ಮೊದಲಿನಂತೆ ಮಾತಿಗೆ ನಿಲ್ಲುತ್ತಿಲ್ಲ. 2023 ಮತ್ತು 2024ರ ಬೇಸಗೆಗಳು ಅದುವರೆಗಿನ ದಾಖಲೆಯಲ್ಲೇ ಅತಿ ಬಿಸಿಯಾದವು; 2025ರ ಬೇಸಗೆ ಅವನ್ನೂ ಮೀರಿಸಿತು. ಸೆಖೆ ಸೆಪ್ಟೆಂಬರನ್ನು ದಾಟಿದರೆ ನೆಲ ತಂಪಾಗುವುದು ತಡ, ಅಣಬೆ ಏಳುವುದೂ ತಡ. ಬೀಳ್ಕೊಡುವ ಮೀನು ಕಾದು ಕುಳಿತಿದ್ದರೂ ಬರಬೇಕಾದ ಅತಿಥಿಯೇ ಬಾರದಂತಾಗುತ್ತದೆ.

ಕ್ಯೋಟೋದ ಉತ್ತರಕ್ಕೆ ಇವಾಕುರಾ ಎಂಬಲ್ಲಿ ಪೈನ್ ಬೆಟ್ಟಗಳಿವೆ. 2005ರಲ್ಲಿ ಕೆಲವರು ಸ್ವಯಂಸೇವಕರು ಅಲ್ಲಿ ಒಂದು ಕೆಲಸವನ್ನು ಕೈಗೆತ್ತಿಕೊಂಡರು. ಅವರಲ್ಲಿ ಬಹುಮಂದಿ ಕೆಲಸದಿಂದ ನಿವೃತ್ತರಾದವರು. ಕತ್ತಿ ಹಿಡಿದು ಪೊದೆ ಸವರುವುದು, ಹಲ್ಲುಗೋಲಿನಿಂದ ತರಗೆಲೆ ಎಳೆಯುವುದು, ಮೇಲ್ಮಣ್ಣನ್ನು ಕೆರೆದು ಇಳಿಜಾರಿನ ಕೆಳಗೆ ಒಯ್ಯುವುದು: ಅವರ ಅಜ್ಜಂದಿರು ಒಲೆಗಾಗಿ, ಹೊಲಕ್ಕಾಗಿ ಮಾಡುತ್ತಿದ್ದ ಕೆಲಸವನ್ನೇ ಅವರು ಅಣಬೆಗಾಗಿ ಮಾಡತೊಡಗಿದರು. ಗುಡಿಸಿದ ನೆಲದಲ್ಲಿ ಅಣಬೆ ಈ ವರ್ಷ ಏಳಬಹುದು, ಹತ್ತು ವರ್ಷ ಬಿಟ್ಟು ಏಳಬಹುದು, ಏಳದೆಯೂ ಇರಬಹುದು. ಬೆಟ್ಟ ಹತ್ತಿದವರು ಮಧ್ಯಾಹ್ನ ಮರದ ನೆರಳಿನಲ್ಲಿ ಒಲೆ ಹೂಡಿ, ಕಡಿದ ಪೊದೆಯನ್ನೇ ಸೌದೆಯಾಗಿ ಉರಿಸಿ, ಅನ್ನ ಬೇಯಿಸಿ, ಒಟ್ಟಿಗೆ ಕುಳಿತು ಬಿಸಿಬಿಸಿಯಾಗಿ ಉಂಡು, ಮತ್ತೆ ಹಲ್ಲುಗೋಲು ಹಿಡಿಯುತ್ತಿದ್ದರು.